ಮೆಗಾವ್ಯಾಟ್ ಸುದ್ದಿ ಬಂತು, ತಾರಸಿಯ ಯೂನಿಟ್ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ನವೀಕರಿಸಬಹುದಾದ ಇಂಧನದ ಬಗ್ಗೆ ಈಚೆಗೆ ಬರುತ್ತಿರುವ ಅಂಕಿಗಳನ್ನು ನಂಬುವುದು ಈ ಕಸುಬಿನಲ್ಲಿ ಇರುವವರಿಗೂ ಒಮ್ಮೊಮ್ಮೆ ಕಷ್ಟವಾಗುತ್ತದೆ. ಬಳಕೆಗೆ ಯೋಗ್ಯವಾದ ಮೊದಲ ಸಿಲಿಕಾನ್ ಸೌರಕೋಶ ಬಂದದ್ದು 1954ರಲ್ಲಿ. ಜಗತ್ತಿನ ಸೌರ ವಿದ್ಯುತ್ ಸಾಮರ್ಥ್ಯ 1,000 ಗಿಗಾವ್ಯಾಟ್ ದಾಟಿದ್ದು 2022ರಲ್ಲಿ. ಅದು ಇನ್ನೊಂದು 1,000 ಸೇರಿಸಿಕೊಳ್ಳಲು ಹೆಚ್ಚುಕಡಿಮೆ ಎರಡೇ ವರ್ಷ ಸಾಕಾಯಿತು. 2024ರಲ್ಲಿ ಜಲ, ಗಾಳಿ, ಸೌರ ಎಲ್ಲ ಸೇರಿ ಹೊಸದಾಗಿ ಬಂದ ಸಾಮರ್ಥ್ಯ 585 ಗಿಗಾವ್ಯಾಟ್. 2025ರ ಮೊದಲ ಆರು ತಿಂಗಳಲ್ಲಿ ಜಗತ್ತಿನಲ್ಲಿ ನವೀಕರಿಸಬಹುದಾದ ಮೂಲಗಳಿಂದ ಬಂದ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದದ್ದನ್ನು ಮೊದಲ ಬಾರಿಗೆ ಮೀರಿಸಿತು. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲು ಸುಟ್ಟು ಸಾರ್ವಜನಿಕರಿಗೆ ವಿದ್ಯುತ್ ಕೊಡಲು ಶುರುಮಾಡಿದ ಬ್ರಿಟನ್, ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. (ನಮ್ಮ ಶಿವನಸಮುದ್ರ ಶುರುವಾದದ್ದು 1902ರಲ್ಲಿ. ಕಲ್ಲಿದ್ದಲಿಲ್ಲದ ವಿದ್ಯುತ್ತು ನಮ್ಮ ರಾಜ್ಯಕ್ಕಂತೂ ಹೊಸದಲ್ಲ.)

ಸಂತೋಷ ಪಡಬೇಕಾದ ಸುದ್ದಿಯೇ. ಆದರೆ ಇದನ್ನು ಓದುವಾಗ ಒಂದು ವಿಷಯ ಗಮನದಲ್ಲಿರಲಿ. ವರದಿಗಳಲ್ಲಿ ಬರುವುದು ಬಹುಪಾಲು ಸಾಮರ್ಥ್ಯದ ಲೆಕ್ಕ, ಅಂದರೆ ಮೆಗಾವ್ಯಾಟ್, ಗಿಗಾವ್ಯಾಟ್. ಮನೆಗೆ ಬರುವ ಬಿಲ್ ಇರುವುದು ಯೂನಿಟ್‌ನಲ್ಲಿ. 1 ಕಿಲೋವ್ಯಾಟ್ ಸೌರ ಫಲಕ ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕ ಶೇ 70ರ ಹೊರೆಯಲ್ಲಿ ನಡೆದರೆ 6,000 ಯೂನಿಟ್ ದಾಟುತ್ತದೆ. ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆಯೇತರ ಮೂಲದ್ದು ಎಂಬ ಗುರಿಯನ್ನು ಭಾರತ 2030ರ ಬದಲು 2025ರ ಜೂನ್‌ನಲ್ಲೇ ಮುಟ್ಟಿತು. ಅದು ನಿಜ. ಆದರೆ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ಆ ಮೂಲಗಳ ಪಾಲು ಇನ್ನೂ ಕಾಲು ಭಾಗದ ಆಸುಪಾಸಿನಲ್ಲೇ ಇದೆ. 2023ರ ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ ದೇಶಗಳು ಒಪ್ಪಿಕೊಂಡ, ಇಡೀ ಜಗತ್ತಿನ ನವೀಕರಿಸಬಹುದಾದ ಸಾಮರ್ಥ್ಯದ ಗುರಿ 2030ಕ್ಕೆ 11,000 ಗಿಗಾವ್ಯಾಟ್. 2024ರ ಕೊನೆಗೆ ಇದ್ದದ್ದು ಸುಮಾರು 4,450. ಉಳಿದ ಆರು ವರ್ಷಗಳಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸೇರಬೇಕು. ಈಗ ಸೇರುತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾ ಒಂದರದ್ದೇ.

ಸೌರ ವಿದ್ಯುತ್ತಿನ ಉತ್ಪಾದನಾ ವೆಚ್ಚ 2010ರಿಂದ ಈಚೆಗೆ ಸುಮಾರು ಶೇ 90ರಷ್ಟು ಇಳಿದಿದೆ. ಹಾಗಾಗಿ ಫಲಕದ ಬೆಲೆ ಈಗ ದೊಡ್ಡ ಅಡ್ಡಿಯಲ್ಲ. ಹಾಕಿದ ಫಲಕ ಕೊಡಬೇಕಾದಷ್ಟು ಯೂನಿಟ್ ಕೊಡುತ್ತದೆಯೇ, ಕೊಟ್ಟದ್ದನ್ನು ನಮ್ಮ ಬೀದಿಯ ಲೈನ್ ಹೊರುತ್ತದೆಯೇ ಎನ್ನುವುದೇ ಈಗಿನ ಪ್ರಶ್ನೆ. ಈ ಪತ್ರ ಅದರ ಬಗ್ಗೆ.

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಬ್ಸಿಡಿ ಇದೆ. ಸಬ್ಸಿಡಿ ಬೇಕಾದರೆ ಭಾರತದಲ್ಲೇ ತಯಾರಾದ ಕೋಶಗಳ ಫಲಕವೇ ಆಗಿರಬೇಕು. 3 ಕಿಲೋವ್ಯಾಟ್ ಘಟಕಕ್ಕೆ ಸುಮಾರು 2 ಲಕ್ಷ ಹಿಡಿದರೆ ಕೈಯಿಂದ ಹೋಗುವುದು 1.22 ಲಕ್ಷ. ವರ್ಷಕ್ಕೆ 4,200 ಯೂನಿಟ್, ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ 25,000 ರೂಪಾಯಿ ಉಳಿತಾಯ. ಹಾಕಿದ ದುಡ್ಡು ಐದು ವರ್ಷದಲ್ಲಿ ವಾಪಸು. ನಿಗದಿತ ಶುಲ್ಕ ಮಾತ್ರ ಉಳಿದೇ ಉಳಿಯುತ್ತದೆ, ಹಾಗಾಗಿ 'ಬಿಲ್ ಸೊನ್ನೆ' ಎಂಬ ಜಾಹೀರಾತನ್ನು ಅಕ್ಷರಶಃ ನಂಬಬೇಡಿ. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಈ ಲೆಕ್ಕ ಹೊಂದುವುದಿಲ್ಲ, ಉಳಿಸಲು ಅಲ್ಲಿ ಏನೂ ಇಲ್ಲ. ತಾರಸಿ ಸೌರದಲ್ಲಿ ಗುಜರಾತ್ ಮುಂದೆ ಹೋಗಿ ಕರ್ನಾಟಕ ಹಿಂದೆ ಉಳಿದದ್ದಕ್ಕೆ ಇದೂ ಒಂದು ಕಾರಣ. ತಿಂಗಳಿಗೆ 250ರಿಂದ 400 ಯೂನಿಟ್ ಸುಡುವ ಮನೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಹೆಚ್ಚುವರಿ ಯೂನಿಟ್‌ಗೆ ಎಸ್ಕಾಂ ಕೊಡುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಮಾರಿ ಲಾಭ ಮಾಡುವ ಆಸೆಯಿಂದ ದೊಡ್ಡ ಘಟಕ ಹಾಕಿಸುವುದು ದಂಡ.

ಈಗ ತಾರಸಿಗೆ ಬರೋಣ. 550 ವ್ಯಾಟ್‌ನ ಒಂದು ಫಲಕ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ. 3 ಕಿಲೋವ್ಯಾಟ್‌ಗೆ ಇಂಥ ಆರು ಬೇಕು. ಫಲಕಗಳೇ 170 ಚದರ ಅಡಿ, ಓಡಾಡಲು, ತೊಳೆಯಲು ಜಾಗ ಬಿಟ್ಟರೆ 250ರಿಂದ 300. ದಕ್ಷಿಣಕ್ಕೆ ಮುಖ, 13ರಿಂದ 15 ಡಿಗ್ರಿ ಓರೆ. ದಕ್ಷಿಣದಲ್ಲಿ ಜಾಗವಿಲ್ಲದಿದ್ದರೆ ಪೂರ್ವ-ಪಶ್ಚಿಮಕ್ಕೆ ಹಂಚಿದರೂ ನಮ್ಮ ಅಕ್ಷಾಂಶದಲ್ಲಿ ನಷ್ಟ ಅಲ್ಪ. ಓರೆ 10 ಡಿಗ್ರಿಗಿಂತ ಕಡಿಮೆಯಾದರೆ ಮಳೆ ನೀರು ಹರಿದುಹೋಗದೆ ಕೆಳ ಅಂಚಿನಲ್ಲಿ ಮಣ್ಣಿನ ಪಟ್ಟಿ ಕಟ್ಟುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಗಿ 2007ರಿಂದ ಇರುವ ಕಾರಣ ತಾರಸಿಯ ಒಳ್ಳೆಯ ದಕ್ಷಿಣದ ಮೂಲೆ ಎಷ್ಟೋ ಕಡೆ ಆಗಲೇ ತುಂಬಿದೆ, ಅದರ ಟ್ಯಾಂಕಿನ ನೆರಳು ಹೊಸ ಫಲಕದ ಮೇಲೆ ಬೀಳುತ್ತದೆ.

ನೆರಳನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಫಲಕಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಕಾಲುವೆಯಲ್ಲಿ ಒಂದು ಕಡೆ ಹೂಳು ತುಂಬಿದರೆ ಮುಂದಿನ ಗದ್ದೆಗಳಿಗೆಲ್ಲ ನೀರು ಅಷ್ಟಕ್ಕೇ ಇಳಿಯುವಂತೆ, ನೆರಳು ಬಿದ್ದ ಕೋಶ ಇಡೀ ಸಾಲಿನ ಕರೆಂಟನ್ನು ಹಿಡಿದಿಡುತ್ತದೆ. ಇದನ್ನು ತಪ್ಪಿಸಲು ಪ್ರತಿ ಫಲಕದ ಹಿಂದೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳಿನ ಭಾಗವನ್ನು ಅವು ಬದಿಗಿಟ್ಟು ಉಳಿದದ್ದನ್ನು ನಡೆಸುತ್ತವೆ. ಒಂದು ತೆಂಗಿನ ಗರಿಯ ನೆರಳಿಗೆ ಇದು ಸಾಕು. ಪ್ಯಾರಾಪೆಟ್ ಗೋಡೆಯ ನೆರಳು ಆರೂ ಫಲಕಗಳ ಕೆಳ ಅಂಚಿನ ಮೇಲೆ ಉದ್ದಕ್ಕೆ ಬಿದ್ದರೆ ಸಾಲದು. ಈಗಿನ ಅರ್ಧಕೋಶದ (ಕೋಶಗಳನ್ನು ಅರ್ಧಕ್ಕೆ ಕತ್ತರಿಸಿ ಎರಡು ಭಾಗವಾಗಿ ಜೋಡಿಸಿದ) ಫಲಕಗಳನ್ನು ನಿಲುವಾಗಿ ಕೂರಿಸಿದ್ದರೆ ಕೆಳಗಿನ ಅರ್ಧ ನೆರಳಾದರೂ ಮೇಲಿನ ಅರ್ಧ ಕೆಲಸ ಮಾಡುತ್ತದೆ, ಅಡ್ಡಡ್ಡ ಕೂರಿಸಿದಾಗ ಲೆಕ್ಕವೇ ಬೇರೆ. ಜಾಗ ನೋಡಲು ಬಂದವರು ಮಧ್ಯಾಹ್ನ 12 ಗಂಟೆಯ ನೆರಳು ನೋಡಿ ಹೋದರೆ ಅರ್ಧ ಕೆಲಸ ಮಾತ್ರ ಆದಂತೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುವಾಗ ಬೆಳಿಗ್ಗೆ 9 ಮತ್ತು ಸಂಜೆ 4ರ ನೆರಳು ಎಲ್ಲಿ ಬೀಳುತ್ತದೆ ಎಂದು ಕೇಳಿ.

ಬಿಸಿಲು ಜೋರಾದಷ್ಟೂ ವಿದ್ಯುತ್ತು ಜಾಸ್ತಿ ಎಂಬುದೂ ಪೂರ್ತಿ ಸರಿಯಲ್ಲ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಕೋಶದ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.35ರಷ್ಟು ಸಾಮರ್ಥ್ಯ ಇಳಿಯುತ್ತದೆ. ಬೇಸಿಗೆಯಲ್ಲಿ ಕೋಶ 65 ಡಿಗ್ರಿ ಮುಟ್ಟುವುದು ಸಾಮಾನ್ಯ, ಅಂದರೆ ಶೇ 14 ಅಲ್ಲೇ ಹೋಯಿತು. ತಗಡಿನ ಮಾಡಿಗೆ ಫಲಕವನ್ನು ಅಂಟಿಸಿದಂತೆ ಕೂರಿಸಿದರೆ ಇನ್ನೂ ಹೆಚ್ಚು, ಆದ್ದರಿಂದ ಕೆಳಗೆ ಗಾಳಿ ಆಡಲು ಜಾಗ ಬಿಡಲೇಬೇಕು. ತೊಳೆಯುವುದು ಬೆಳಿಗ್ಗೆ ಇಲ್ಲವೇ ಸಂಜೆ, ಮೆತ್ತನೆಯ ಮಾಪ್‌ನಿಂದ. ಕಾದ ಗಾಜಿಗೆ ತಣ್ಣೀರು ಎರಚಬಾರದು. ಗಡಸು ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಫಲಕದ ಮೇಲೆ ಕಾಲಿಟ್ಟರೆ ಒಳಗಿನ ಕೋಶ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಅತಿ ಹೆಚ್ಚು ಅಲಕ್ಷ್ಯ ಆಗುವುದು ಡಿಸಿ ಭಾಗದಲ್ಲಿ, ಅಂದರೆ ಫಲಕದಿಂದ ಒಂದೇ ದಿಕ್ಕಿಗೆ ಹರಿದು ಬರುವ ವಿದ್ಯುತ್ತಿನ ಭಾಗದಲ್ಲಿ. ಆರು ಫಲಕದ ಸರಣಿಯಲ್ಲಿ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಬೆಳಕಿರುವವರೆಗೆ ಅದನ್ನು ಫಲಕದಲ್ಲೇ ನಿಲ್ಲಿಸಲಾಗದು. ಮನೆಯ ಎಸಿ ಕರೆಂಟು ದಿಕ್ಕು ಬದಲಿಸುತ್ತ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ಹೊತ್ತಿದರೂ ಆರುತ್ತದೆ. ಡಿಸಿಯಲ್ಲಿ ಹಾಗಿಲ್ಲ, ಹೊತ್ತಿದ್ದು ಉರಿಯುತ್ತಲೇ ಇರುತ್ತದೆ. ಫಲಕದಿಂದ ಬರುವ ಕನೆಕ್ಟರ್ ಒಂದು ಕಂಪನಿಯದು, ಕೇಬಲ್ ತುದಿಗೆ ಹಾಕಿದ್ದು ಇನ್ನೊಂದು ಕಂಪನಿಯದು ಆದರೆ ನೋಡಲು ಕೂತಂತೆ ಕಂಡರೂ ಒಳಗೆ ಸಡಿಲ. ಅಲ್ಲಿ ಬಿಸಿ, ಪ್ಲಾಸ್ಟಿಕ್ ಕರಗುವುದು, ಆಮೇಲೆ ಬೆಂಕಿ. ಎರಡೂ ಕಡೆ ಒಂದೇ ತಯಾರಕರ ಕನೆಕ್ಟರ್ ಹಾಕಿ, ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕದೆ ಅದಕ್ಕೆಂದೇ ಇರುವ ಕ್ರಿಂಪಿಂಗ್ ಉಪಕರಣದಲ್ಲೇ ಒತ್ತಿಸಬೇಕು. ಕೇಬಲ್ ಬಿಸಿಲು ತಡೆಯುವ 4 ಚದರ ಮಿಲಿಮೀಟರ್ ತಾಮ್ರದ ಸೌರ ಕೇಬಲ್ಲೇ ಆಗಬೇಕು, ಮನೆ ವೈರಿಂಗ್‌ನಲ್ಲಿ ಉಳಿದ ತುಂಡು ಬೇಡ. ಸಿಡಿಲು ತಡೆ, ಡಿಸಿ, ಎಸಿ ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಗುಂಡಿ. ಪೆಟ್ಟಿಗೆಯೊಳಗಿನ ಸರ್ಜ್ ತಡೆಯ (ಹಠಾತ್ ವೋಲ್ಟೇಜ್ ಏರಿಕೆ ತಡೆಯುವ ಸಾಧನದ) ಪುಟ್ಟ ಕಿಟಕಿ ಹಸಿರಿದ್ದರೆ ಸರಿ, ಕೆಂಪಾದರೆ ಅದು ಸತ್ತಿದೆ ಎಂದರ್ಥ. ಏಪ್ರಿಲ್-ಮೇ ಗುಡುಗು ಮಳೆ ಮುಗಿದ ಮೇಲೆ ಅದನ್ನು ಇಣುಕಿ ನೋಡುವವರು ಬಹಳ ಕಡಿಮೆ.

ಇಷ್ಟೆಲ್ಲ ಸರಿ ಮಾಡಿಸಿದ ಮೇಲೂ ಬರುವ ಎರಡು ದೂರುಗಳಿವೆ. ಮೊದಲನೆಯದು 'ಮೇಲೆ ಅಷ್ಟು ಬಿಸಿಲಿದೆ, ಕರೆಂಟ್ ಹೋದರೆ ಮನೆಯಲ್ಲಿ ಫ್ಯಾನೂ ತಿರುಗಲ್ಲ' ಎಂಬುದು. ಫಲಕದ ಡಿಸಿಯನ್ನು ಎಸಿ ಮಾಡಿ ಲೈನಿಗೆ ಸೇರಿಸುವ ಆನ್-ಗ್ರಿಡ್ ಇನ್ವರ್ಟರ್, ಲೈನ್ ಸತ್ತ ಕೂಡಲೇ ನಿಲ್ಲಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಇದು ದೋಷವಲ್ಲ. ಕರೆಂಟ್ ಹೋದಾಗಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಕೆಲವು ಕಡೆ ಎಲೆಕ್ಟ್ರಿಷಿಯನ್‌ಗಳು ಜಾಣತನ ಮಾಡಿ ಸೋಲಾರ್ ಲೈನನ್ನು ಮನೆಯ ಯುಪಿಎಸ್‌ನ ಔಟ್‌ಪುಟ್ ಕಡೆಗೆ ಸೇರಿಸುತ್ತಾರೆ. ಕರೆಂಟ್ ಹೋದಾಗ ಸೋಲಾರ್ ಇನ್ವರ್ಟರ್ ಯುಪಿಎಸ್ ಅನ್ನೇ ಗ್ರಿಡ್ ಎಂದು ತಿಳಿದು ಅದರೊಳಕ್ಕೆ ವಿದ್ಯುತ್ ತಳ್ಳುತ್ತದೆ, ಯುಪಿಎಸ್ ಸುಟ್ಟುಹೋಗುತ್ತದೆ.

ಎರಡನೆಯದು, 'ಆ್ಯಪ್‌ನಲ್ಲಿ 12 ಯೂನಿಟ್ ಎಂದಿದೆ, ಮೀಟರಿನಲ್ಲಿ 7 ಮಾತ್ರ, ಉಳಿದ 5 ಯಾರು ತಿಂದರು?' ಯಾರೂ ತಿಂದಿಲ್ಲ. ಇನ್ವರ್ಟರಿನ ಆ್ಯಪ್ ತೋರಿಸುವುದು ಒಟ್ಟು ಉತ್ಪಾದನೆಯನ್ನು. ಹಗಲು ಫ್ರಿಜ್, ಪಂಪು, ಮಿಕ್ಸಿ ನೇರವಾಗಿ ಬಳಸಿಕೊಂಡದ್ದು ಮೀಟರಿನವರೆಗೆ ಹೋಗುವುದೇ ಇಲ್ಲ. ಮಿಕ್ಕಿದ್ದು ಮಾತ್ರ ರಫ್ತು ಎಂದು ದಾಖಲಾಗುತ್ತದೆ. ಇಲ್ಲೇ ಒಂದು ಎಚ್ಚರಿಕೆ. ಬಂದದ್ದು, ಹೋದದ್ದು ಎರಡನ್ನೂ ಬೇರೆ ಬೇರೆ ಅಳೆಯುವ ದ್ವಿಮುಖ ಮೀಟರ್ ಕೂರಿಸುವ ಮುಂಚೆ ಘಟಕ ಚಾಲೂ ಮಾಡಬೇಡಿ. ಹಳೆಯ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಬಹಳಷ್ಟು, ಕಳ್ಳತನ ತಡೆಯಲೆಂದು, ಕರೆಂಟು ಯಾವ ದಿಕ್ಕಿಗೆ ಹರಿದರೂ ಬಳಕೆ ಎಂದೇ ಲೆಕ್ಕ ಹಾಕುತ್ತವೆ. ಲೈನಿಗೆ ವಿದ್ಯುತ್ ಕೊಟ್ಟವರೇ ಅದಕ್ಕೆ ದುಡ್ಡನ್ನೂ ಕಟ್ಟಬೇಕಾಗುತ್ತದೆ.

ಈಗ ನಮ್ಮ ಮುಖ್ಯ ವಿಷಯ. ತಾರಸಿ ಸೌರ ಹೆಚ್ಚಿದಂತೆಲ್ಲ ಕಾಡತೊಡಗುವ, ಆದರೆ ಯಾರೂ ಬರೆಯದ ಸಮಸ್ಯೆ ಮಧ್ಯಾಹ್ನದ ವೋಲ್ಟೇಜ್. ಇನ್ವರ್ಟರ್ ಲೈನಿಗೆ ವಿದ್ಯುತ್ ತಳ್ಳಬೇಕಾದರೆ ತನ್ನ ವೋಲ್ಟೇಜನ್ನು ಲೈನಿಗಿಂತ ಕೊಂಚ ಮೇಲಿಡಬೇಕು. ಎಷ್ಟು ಮೇಲೆ ಎಂಬುದು ವೈರಿನ ದಪ್ಪ, ಉದ್ದದ ಮೇಲೆ ಹೋಗುತ್ತದೆ. 3 ಕಿಲೋವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ 13 ಆಂಪಿಯರ್. ಕಂಬದಿಂದ ಮನೆಗೆ 50 ಮೀಟರ್ ಸರ್ವಿಸ್ ವೈರ್, 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಎನ್ನಿ. ಅದರ ರೋಧ ಕಿಲೋಮೀಟರಿಗೆ 7.41 ಓಮ್, ಹೋಗಿಬರುವ 100 ಮೀಟರಿಗೆ 0.74. ಗುಣಿಸಿದರೆ ಸುಮಾರು 10 ವೋಲ್ಟ್ ಏರಿಕೆ. ಸಾಲಿನ ಕೊನೆಯ ಮನೆಗೆ ಸಂಜೆ ವೋಲ್ಟೇಜ್ ಸಾಲದೆಂದು ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರಿನ) ವೋಲ್ಟೇಜ್ ಹೊಂದಿಸುವ ಟ್ಯಾಪ್ ಏರಿಸಿರುತ್ತಾರೆ, ಹಾಗಾಗಿ ಹೊರೆ ಕಡಿಮೆಯಿರುವ ಮಧ್ಯಾಹ್ನ ಟಿಸಿ ಹತ್ತಿರದ ಕಂಬದಲ್ಲಿ 245 ವೋಲ್ಟ್ ಇರುವುದುಂಟು. 245ಕ್ಕೆ 10 ಸೇರಿ 255. ಮಾದರಿಗೆ ತಕ್ಕಂತೆ ಬದಲಾದರೂ, 230ಕ್ಕಿಂತ ಶೇ 10 ಮೇಲೆ, ಅಂದರೆ 253ರ ಸುಮಾರಿಗೆ ಮಿತಿಯಿಟ್ಟ ಇನ್ವರ್ಟರ್ ಕಳಚಿಕೊಳ್ಳುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೆ ಸೇರುತ್ತದೆ, ಮತ್ತೆ ಕಳಚುತ್ತದೆ. ಬಿಸಿಲು ಅತಿ ಹೆಚ್ಚಿರುವ ಹೊತ್ತಿನಲ್ಲೇ ಉತ್ಪಾದನೆ ಸೊನ್ನೆ.

ಇದನ್ನು ಮನೆಯವರೇ ಪತ್ತೆ ಮಾಡಬಹುದು. ಮೋಡವಿಲ್ಲದ ದಿನ ಆ್ಯಪ್‌ನ ರೇಖೆ ನುಣುಪಾದ ಗುಡ್ಡದಂತೆ ಏರಿ ಇಳಿಯಬೇಕು. ಫೆಬ್ರುವರಿಯ ಮಧ್ಯಾಹ್ನ ನಾವು ಹೇಳಿದ ಆರು ಫಲಕದ ಘಟಕ 2.5ರಿಂದ 2.8 ಕಿಲೋವ್ಯಾಟ್ ತೋರಿಸಬೇಕು. ದಿನಾ ಒಂದೇ ಹೊತ್ತಿಗೆ ಒಂದು ಕಡೆ ಕಚ್ಚಿದಂತೆ ತಗ್ಗಿದ್ದರೆ ನೆರಳು. 11ರಿಂದ 2ರ ನಡುವೆ ಗರಗಸದ ಹಲ್ಲಿನಂತೆ ಸೊನ್ನೆಗೆ ಬಿದ್ದು ಎದ್ದರೆ ವೋಲ್ಟೇಜ್. ಆಕಾರ ಸರಿಯಿದ್ದು ಎತ್ತರ ಮಾತ್ರ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ದೂಳು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ತೀರಾ ಇಳಿದರೆ ಗಾಬರಿ ಬೇಡ, ಅದು ಮುಂಗಾರು.

ವೋಲ್ಟೇಜಿಗೆ ಮದ್ದು ಇದೆ. 4ರ ಬದಲು 10 ಚದರ ಮಿಲಿಮೀಟರ್ ಸರ್ವಿಸ್ ವೈರ್ ಎಳೆದರೆ ಅದೇ 10 ವೋಲ್ಟ್ 4ಕ್ಕೆ ಇಳಿಯುತ್ತದೆ. ಬೀದಿಯ ಸೋಲಾರ್ ಮನೆಗಳೆಲ್ಲ ಒಂದೇ ಫೇಸ್‌ನಲ್ಲಿ ಇದ್ದರೆ ಮೂರಕ್ಕೆ ಹಂಚಬೇಕು. ಟಿಸಿ ಟ್ಯಾಪ್ ಒಂದು ಹಂತ ಇಳಿಸಬಹುದೇ ನೋಡಬೇಕು. ನೀರಿನ ಪಂಪು, ಗೀಸರ್, ವಾಷಿಂಗ್ ಮಷಿನ್‌ಗಳನ್ನು ಮನೆಯವರು ಮಧ್ಯಾಹ್ನಕ್ಕೆ ತಳ್ಳಿದರೆ ಲೈನಿಗೆ ಹೋಗುವುದೇ ಕಡಿಮೆಯಾಗುತ್ತದೆ. ಮೂರರಲ್ಲಿ ಒಂದು ಮನೆಗೆ ತಾರಸಿ ಸೌರ ಇರುವ ಆಸ್ಟ್ರೇಲಿಯಾದಲ್ಲಿ ನೀರು ಕಾಯಿಸುವುದನ್ನು ರಾತ್ರಿಯಿಂದ ಹಗಲಿಗೆ ತಂದದ್ದು ಇದಕ್ಕೇ. ಮಾಡಬಾರದ್ದೂ ಒಂದಿದೆ, ಅದನ್ನೇ ಹೆಚ್ಚು ಮಾಡುತ್ತಾರೆ. ಪಾಸ್‌ವರ್ಡ್ ಹಾಕಿ ಇನ್ವರ್ಟರಿನ ಮಿತಿಯನ್ನು ಮೇಲೇರಿಸಿ ಹೋಗಿಬಿಡುವುದು. ಗ್ರಾಹಕರು ಖುಷಿ, ಅಕ್ಕಪಕ್ಕದವರ ಟಿವಿ, ಫ್ರಿಜ್ ಕೆಡುತ್ತವೆ.

ಹೊರದೇಶಗಳಿಂದ ಕಲಿಯಬೇಕಾದದ್ದು ಈ ಬಗೆಯ ಸಂಗತಿಗಳನ್ನು. ಜರ್ಮನಿಯಲ್ಲಿ ಬಾಡಿಗೆ ಮನೆಯವರೂ ಬಾಲ್ಕನಿ ಕಂಬಿಗೆ ಎರಡು ಫಲಕ ಕಟ್ಟಿ 800 ವ್ಯಾಟ್‌ವರೆಗೆ ಪ್ಲಗ್ ಮೂಲಕವೇ ಮನೆಗೆ ಕೊಡಬಹುದು, ನೋಂದಣಿ ಸಾಕು. ನಮ್ಮಲ್ಲಿ ಎಸ್ಕಾಂ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ, ಮೇಲೆ ಹೇಳಿದ ಮೀಟರಿನ ತೊಂದರೆಯೂ ಇದೆ. ಅಪಾರ್ಟ್‌ಮೆಂಟಿನವರಿಗೆ ಸದ್ಯ ಸಿಗುವ ದಾರಿ ಲಿಫ್ಟ್, ಪಂಪು, ಕಾರಿಡಾರ್ ದೀಪದ ಸಾಮಾನ್ಯ ಮೀಟರಿಗೆ ಸೌರ ಹಾಕಿಸುವುದು. ಸೂರ್ಯಘರ್‌ನಲ್ಲಿ ಅದಕ್ಕೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಇದೆ. ಪಾಕಿಸ್ತಾನ 2024 ಒಂದೇ ವರ್ಷದಲ್ಲಿ ಸುಮಾರು 17 ಗಿಗಾವ್ಯಾಟ್ ಫಲಕ ತರಿಸಿಕೊಂಡಿತು. ದುಬಾರಿ ಬಿಲ್ಲಿಗೆ ಬೇಸತ್ತು ಉಳ್ಳವರು ತಾರಸಿಗೆ ಹೋದಾಗ ಲೈನು, ಸ್ಥಾವರಗಳ ಖರ್ಚಿನ ಭಾರ ಉಳಿದವರ ಮೇಲೆ ಬಿತ್ತು. ಬಿಸಿಲು ಇಳಿದ ಮೇಲೆ ಸಂಜೆಗೆ ಏನು ಎಂಬ ಪ್ರಶ್ನೆಗೆ ಕ್ಯಾಲಿಫೋರ್ನಿಯಾ ಕಡೆಯಿಂದ ಒಳ್ಳೆಯ ಸುದ್ದಿ ಇದೆ. 2024ರ ಏಪ್ರಿಲ್‌ನ ಒಂದು ಸಂಜೆ ಅಲ್ಲಿನ ಗ್ರಿಡ್‌ಗೆ ಸ್ವಲ್ಪ ಹೊತ್ತು ಅತಿ ಹೆಚ್ಚು ವಿದ್ಯುತ್ ಕೊಟ್ಟದ್ದು, ಹಗಲು ತುಂಬಿಸಿಟ್ಟ ಬ್ಯಾಟರಿಗಳು.

ನಮ್ಮ ಪಾವಗಡದ ಸೋಲಾರ್ ಪಾರ್ಕ್‌ನ 2,050 ಮೆಗಾವ್ಯಾಟ್ ಜಗತ್ತಿನ ಕಣ್ಣು ಸೆಳೆಯಿತು. 13,000 ಎಕರೆಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮಾದರಿ. ಹೊಲವಿದ್ದವರಿಗೆ ಬಾಡಿಗೆ ಬಂತು, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬರಲಿಲ್ಲ. ತಾರಸಿಗೆ ಹೊಲ ಬೇಡ ಎನ್ನುವುದೇ ಅದರ ದೊಡ್ಡ ಅನುಕೂಲ.

ಎಸ್ಕಾಂಗಳಲ್ಲಿ ನಮ್ಮ ಕೋರಿಕೆ ಮೂರು. ಪ್ರತಿ ಟಿಸಿಯಲ್ಲಿ ಈಗ ಎಷ್ಟು ಕಿಲೋವ್ಯಾಟ್ ಸೌರ ಸೇರಿದೆ, ಇನ್ನೆಷ್ಟಕ್ಕೆ ಜಾಗವಿದೆ ಎಂಬುದನ್ನು, ಆರ್‌ಆರ್ ನಂಬರ್ ಹಾಕಿದರೆ ಗ್ರಾಹಕರಿಗೆ ಕಾಣುವಂತೆ ಜಾಲತಾಣದಲ್ಲಿ ಹಾಕಲಿ. ದ್ವಿಮುಖ ಮೀಟರ್ ಕೂರಿಸಲು ಬರುವ ಸಿಬ್ಬಂದಿ ಮಧ್ಯಾಹ್ನ 12ರಿಂದ 2ರ ನಡುವೆ ಬಂದು, ಘಟಕ ಆಫ್ ಇದ್ದಾಗ ಮತ್ತು ಆನ್ ಇದ್ದಾಗ ಮೀಟರ್ ಬಳಿ ವೋಲ್ಟೇಜ್ ಅಳೆದು ಎರಡನ್ನೂ ಬರೆದುಕೊಳ್ಳಲಿ. ವ್ಯತ್ಯಾಸ 5 ವೋಲ್ಟ್ ದಾಟಿದರೆ ಸರ್ವಿಸ್ ವೈರ್ ಬದಲಿಸಲು ಅಂದೇ ಸೂಚನೆ ಕೊಡಲಿ.

– ತಾರಸಿ ಸೌರ ಘಟಕಗಳ ವಿನ್ಯಾಸ, ತಪಾಸಣೆ ಮಾಡುವ ಎಂಜಿನಿಯರ್‌ಗಳು, ತುಮಕೂರು